ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ಸಂಖ್ಯೆ ಹತ್ತು ಅವರ ವರ್ತನೆ ಕುರಿತು

ಗೆ,
ಸನ್ಮಾನ್ಯ ಸಂಖ್ಯೆ ಹತ್ತು ಅವರು,
ಒಂಬತ್ತರ ಪಕ್ಕದ ಮನೆ, ಹನ್ನೊಂದಕ್ಕೆ ಮೊದಲು,
ಅಂಕಗಣಿತ.

ಮಾನ್ಯರೇ,

ಎಡಕ್ಕೆ ಒಂದನ್ನೂ ಬಲಕ್ಕೆ ಸೊನ್ನೆಯನ್ನೂ ಕೂರಿಸಿಕೊಂಡು, ಜಗತ್ತಿನ ಸಮಸ್ತ ಕೈಬೆರಳುಗಳ ಬೆಂಬಲದಿಂದ ಸುಖವಾಗಿ ಆಳುತ್ತಿರುವ ತಮಗೆ, ಕೆ.ಜಿ.ಎಫ್.ನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಕಾಂತರಾಜ್ ಎಂಬ ಒಗಟಿನ ಹುಚ್ಚನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ, ನಾನೊಬ್ಬನನ್ನು ಬಿಟ್ಟು. ಅದಕ್ಕೆ ಕಾರಣ ತಾವು. ಶಾಲೆಯಲ್ಲಿ ನಾನು ತಪ್ಪಿಲ್ಲದೆ ಒಪ್ಪಿಸುತ್ತಿದ್ದುದು ತಮ್ಮ ಮಗ್ಗಿಯೊಂದನ್ನೇ, ಆದ್ದರಿಂದ ಇದನ್ನು ಹಳೆಯ ಅಭಿಮಾನಿಯೊಬ್ಬನ ಅಳಲೆಂದು ಓದಿಕೊಳ್ಳಬೇಕಾಗಿ ಪ್ರಾರ್ಥನೆ.

ನಮ್ಮದೊಂದು 'ತಲೆಕೆರೆತ ಬಳಗ' ಇದೆ. ಪ್ರತಿ ಭಾನುವಾರ ನಾನು ಮಾರಿಕುಪ್ಪಂ ಗಾಡಿಯಲ್ಲಿ ಬಂಗಾರಪೇಟೆಗೆ ಬಂದಿಳಿದರೆ, ಅಲ್ಲೇ ಟ್ಯೂಷನ್ ಹೇಳಿಕೊಡುವ ರೂಪ ಅವರೂ ಬಳಗದ ಇನ್ನಿಬ್ಬರೂ ಸ್ಟೇಷನ್ ಬೆಂಚಿನ ಮೇಲೆ ಕೂತು ಹೊಸ ಒಗಟುಗಳಿಗಾಗಿ ಕಾಯುತ್ತಿರುತ್ತಾರೆ. ಎಂಟು ಚಿನ್ನದ ಗುಂಡುಗಳಲ್ಲಿ ಹಗುರಾದ ಒಂದನ್ನು ತಕ್ಕಡಿಯಲ್ಲಿ ಎರಡೇ ಸಲ ತೂಗಿ ಹುಡುಕುವುದು ಹೇಗೆ ಎಂದು ನಾನು ವಾರವಿಡೀ ಬೆವರಿ ಸಿದ್ಧಪಡಿಸಿ ತಂದರೆ, ರೂಪ ಅವರು ಟೀ ಮುಗಿಯುವ ಮೊದಲೇ "ಮೂರು ಈಕಡೆ, ಮೂರು ಆಕಡೆ, ಎರಡು ಪಕ್ಕಕ್ಕಿಡಿ" ಎಂದುಬಿಡುತ್ತಿದ್ದರು. (ಗಣಿ ಮುಚ್ಚಿದ ಮೇಲೆ ನಮ್ಮ ಕಡೆ ಚಿನ್ನ ಉಳಿದಿರುವುದು ಒಗಟುಗಳಲ್ಲಿ ಮಾತ್ರ.) ಅವರೆಂದರೆ ನನಗೆ ಪ್ರಾಣ. ಅದನ್ನು ಹೇಳಲು ನಾಲಿಗೆ ಏಳದೆ, ವಾರಕ್ಕೊಂದು ಒಗಟು ಒಪ್ಪಿಸಿ, 'ನೀವು', 'ತಾವು' ಎಂದು ಬಹುವಚನದಲ್ಲೇ ಕೈಮುಗಿದು, ಮುಂದಿನ ಗಾಡಿಗೆ ವಾಪಸಾಗುತ್ತಿದ್ದೆ.

ಹೀಗಿರಲು, ಆಂಧ್ರದ ಕುಪ್ಪಂನ ಚಿಕ್ಕಮ್ಮನ ಮನೆಗೆ ಹುಡುಗನೊಬ್ಬ ಹೆಣ್ಣು ನೋಡಲು ಬರುತ್ತಾನೆಂದು ಹೇಳಿ ರೂಪ ಅವರು ಕಳೆದ ವಾರ ಬ್ಯಾಗ್ ಹಿಡಿದು ಹೊರಟರು. ಬೀಳ್ಕೊಡಲು ಹೋದ ನಾನು ಹವಾಮಾನದ ಬಗ್ಗೆ ಮಾತಾಡಿದೆ. ಅವರು ಕಡೆಯದಾಗಿ ಒಂದು ಒಗಟು ಹಾಕಿದರು: ಕತ್ತಲೆ ಕೋಣೆಯ ಪೆಟ್ಟಿಗೆಯಲ್ಲಿ ಕೆಂಪು, ಹಸಿರು, ಹಳದಿ ಬಳೆಗಳು ರಾಶಿ ರಾಶಿ ಇವೆ, ಒಂದೇ ಬಣ್ಣದ ನಾಲ್ಕು ಬಳೆ ಖಂಡಿತವಾಗಿ ಸಿಗಬೇಕಾದರೆ ಕಡಿಮೆಯೆಂದರೆ ಎಷ್ಟು ಬಳೆ ಹೊರತೆಗೆಯಬೇಕು? "ಗಾಡಿ ಬಿಡೋದ್ರೊಳಗೆ ಉತ್ತರ ಏಳಿದ್ರೆ ನಾನು ಓಗಲ್ಲ, ಇಲ್ಲಾಂದ್ರೆ ಓಗ್ತೀನಿ" ಎಂದೂ ಸೇರಿಸಿದರು.

ಇದೇನು ಮಹಾ ಎಂದು ತಾವು ನಗಬಹುದು. ತಮಗೇನು ಸ್ವಾಮಿ, ಉತ್ತರವೇ ತಾವು. ಅವರು ಬೋಗಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿರುವಾಗ ನನಗೆ ಕಂಡಿದ್ದು ಅವರ ಕೈಯ ಬಳೆಗಳೇ ಹೊರತು ಪೆಟ್ಟಿಗೆಯವಲ್ಲ. ಅದೃಷ್ಟ ಪೂರ್ತಿ ಕೆಟ್ಟು ಮೂರು ಬಣ್ಣದಲ್ಲೂ ಮೂರು ಮೂರೇ ಬಂದರೆ ಒಂಬತ್ತು, ಅದರ ಮೇಲೆ ಯಾವ ಬಣ್ಣದ್ದು ಬಂದರೂ ಒಂದು ಗುಂಪು ನಾಲ್ಕಾಗಲೇಬೇಕು ಎಂದು ಹೊಳೆಯುವಷ್ಟರಲ್ಲಿ ಗಾಡಿ ಕೂಗಿತು, ಗಾಲಿ ಅಲುಗಿತು, ನಾನು ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ತಮ್ಮ ಶುಭನಾಮವನ್ನು ಕೂಗಿದೆ: "ಹತ್ತು!"

ಅದೇ ಕ್ಷಣದಲ್ಲಿ ಅವರ ಬೆನ್ನ ಹಿಂದೆ ಬುಟ್ಟಿ ಹೊತ್ತು ನಿಂತಿದ್ದ, ಸ್ಟೇಷನ್ನಿನಲ್ಲಿ ಹೂ ಮಾರುವ ಮುನಿಶಾಮಮ್ಮನವರು "ಅತ್ತು ತಾಯೀ, ಬಿರ್ನೆ ಅತ್ತು, ಗಾಡಿ ಒಂಟೋಯ್ತದೆ" ಎಂದರು, ಅತ್ತ ಯಾರೋ ಹೆಂಡತಿಗೆ ಹತ್ತು ಎಂದರು, ಇತ್ತ ಯಾರೋ ಮಗನಿಗೆ ಹತ್ತು ಎಂದರು; ಇಡೀ ಪ್ಲಾಟ್‌ಫಾರ್ಮಿಗೇ ಉತ್ತರ ಗೊತ್ತಿತ್ತು ಮಾನ್ಯರೇ, ನಾನೊಬ್ಬನೇ ಅದನ್ನು ಲೆಕ್ಕ ಮಾಡಿ ಹೇಳಿದವನು. ರೂಪ ಅವರು ಕಣ್ಣು ತುಂಬಿಕೊಂಡು ನನ್ನನ್ನೊಮ್ಮೆ ನೋಡಿದರು, ಮತ್ತು ಹತ್ತಿಬಿಟ್ಟರು.

ತಮ್ಮ ಪ್ರತಿಭೆಗೆ ಎಷ್ಟು ತಲೆದೂಗಿದರೂ ಸಾಲದು. ಸರಿಯುತ್ತರವಾಗಿದ್ದುಕೊಂಡೇ ಮನುಷ್ಯನ ಬಾಳನ್ನು ಕುಪ್ಪಂಗೆ ಸಾಗಹಾಕುವುದು ತಪ್ಪುತ್ತರಗಳಿಗೆ ಸಾಧ್ಯವೇ? ಮೂರು ಭಾಷೆ ಮಾತಾಡುವ ಊರಿನಲ್ಲಿದ್ದುಕೊಂಡು ತಮಿಳಿನಲ್ಲಿ 'ಪತ್ತು' ಎನ್ನಬಹುದಿತ್ತು, ತೆಲುಗಿನಲ್ಲಿ 'ಪದಿ' ಎನ್ನಬಹುದಿತ್ತು, ರೂಪ ಅವರಿಗೆ ಮೂರೂ ಬರುತ್ತವೆ; ಆದರೆ ಎದೆ ಒಡೆಯುವ ಹೊತ್ತಿಗೆ ನನ್ನ ಬಾಯಿಗೆ ಬಂದದ್ದು ಕನ್ನಡ. ಇನ್ನು ಈ ಸೀಮೆಯವರ ಬಾಯಲ್ಲಿ ತಮ್ಮ 'ಹ' ಉದುರಿ ತಾವು 'ಅತ್ತು' ಆಗುತ್ತೀರಿ ಎಂಬುದು ತಮಗೆ ತಿಳಿದೇ ಇದೆ. ಆ ಸಂಜೆ ನಾನು ಅತ್ತೂ ಆಯಿತು.

ಗಾಡಿ ಕಾಮಸಮುದ್ರ ದಾಟುವಾಗ ಅವರ ಸಂದೇಶ ಬಂತು: "ಇಷ್ಟು ದಿನ ನೀವು, ತಾವು ಅಂತಿದ್ದೋರು ಕಳ್ಸೋವಾಗ ಮಾತ್ರ ಏಕವಚನಾನಾ?" ಅದು ವಚನವಲ್ಲ, ಬಳೆಯ ಸಂಖ್ಯೆ ಎಂದು ನಾನು ಬರೆದ ಉದ್ದುದ್ದ ವಿವರಣೆಯನ್ನು, ಮೂರು ಮೂರಲೆ ಒಂಬತ್ತು ಸಹಿತ, ಅವರು ಓದಿದ್ದು ರಾತ್ರಿ. ಮರುದಿನ ಫೋನ್ ಮಾಡಿದರು. ನೋಡಲು ಬಂದ ಹುಡುಗನಿಗೂ ಅದೇ ಒಗಟು ಹಾಕಿದರಂತೆ. ನಾಲ್ಕು ಬೇಕಾದರೆ ನಾಲ್ಕು ತೆಗೆದರಾಯಿತು, ಅದರಲ್ಲೇನಿದೆ ಎಂದು ಅವನು ಕೇಸರಿಬಾತ್ ಮುಗಿಸಿದನಂತೆ. ಇವರು ಒಲ್ಲೆ ಎಂದರಂತೆ. ನಾನು ಕುಣಿಯುವುದರಲ್ಲಿದ್ದೆ. ಆಗ ಅವರು ಹೇಳಿದರು: "ನಿಮ್ ಲೆಕ್ಕ ಸರಿಯಾಗೇ ಐತೆ. ಆದ್ರೆ ನಂಗೆ ಲೆಕ್ಕ ಬೇಕಾಗಿರ್ಲಿಲ್ಲ. ಇಳಿ ಅಂದಿದ್ರೆ ಇಳಿದ್ಬಿಡ್ತಿದ್ದೆ."

ಮಾನ್ಯರೇ, ಅಷ್ಟು ಸುಲಭದ ಉತ್ತರ ನನ್ನ ತಲೆಗೆ ಹೊಳೆಯಲೇ ಇಲ್ಲ. ಆದಕಾರಣ ತಮ್ಮಲ್ಲಿ ವಿನಂತಿ ಏನೆಂದರೆ, ರೈಲ್ವೆ ಗಡಿಯೊಳಗೆ ತಾವು ದಯವಿಟ್ಟು ಐದು ಐದಾಗಿ ಬಿಡಿಬಿಡಿಯಾಗಿ ಓಡಾಡಬೇಕು. ಅದು ಘನತೆಗೆ ಕುಂದೆನಿಸಿದರೆ ಒಂಬತ್ತೂವರೆಯಲ್ಲೇ ನಿಂತು ಗಾಡಿ ಹೋಗುವವರೆಗೆ ಕಾಯಬೇಕು. ಮತ್ತು ನನ್ನಂಥ ಪುಕ್ಕಲರ ಅನುಕೂಲಕ್ಕಾಗಿ ತಮ್ಮ ಕುಲದಲ್ಲಿ 'ಇಳಿ' ಎಂಬ ಹೆಸರಿನ ಅಂಕಿಯೊಂದನ್ನು ಕೂಡಲೇ ಹುಟ್ಟಿಸಬೇಕು.

ಇಷ್ಟು ಬರೆದು ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕಾದೆ, ತಾವು ಉತ್ತರಿಸಲಿಲ್ಲ. ಅವರು ವಾಪಸಾಗುವ ಭಾನುವಾರ ಬಂತು. ಕುಪ್ಪಂ ಕಡೆಯಿಂದ ಬಂದ ಗಾಡಿ ಬಂಗಾರಪೇಟೆಯಲ್ಲಿ ನಿಂತಾಗ ರೂಪ ಅವರು ಬ್ಯಾಗ್ ಹಿಡಿದು ಬಾಗಿಲಲ್ಲೇ ನಿಂತಿದ್ದರು, ಹಿಂದಿನವರು ಎಷ್ಟು ತಳ್ಳಿದರೂ ಅಲ್ಲಾಡದೆ, ನನ್ನ ಮುಖವನ್ನೇ ನೋಡುತ್ತ. ತಮ್ಮ ಕುಲದ ಒಬ್ಬರೂ ನೆರವಿಗೆ ಬರಲಿಲ್ಲ. ಲೆಕ್ಕವಿಲ್ಲದ ಆ ಒಂದು ಮಾತನ್ನು ನಾನೇ ಹೇಳಿದೆ, ಏಕವಚನದಲ್ಲಿ.

ಇಳಿದಳು.

ಇಂತಿ, ಲೆಕ್ಕದಲ್ಲಿ ಮಾತ್ರ,
ತಮ್ಮ ವಿಶ್ವಾಸಿ,
ಕಾಂತರಾಜ್

ಮರೆತ ಮಾತು: ರೂಪಳ ತಂದೆ ಜಯರಾಮಪ್ಪನವರು ಬರುವ ಶುಕ್ರವಾರ ಸಂಜೆ ಆರೂವರೆಗೆ ನನ್ನನ್ನು ಮಾತುಕತೆಗೆ ಕರೆದಿದ್ದಾರೆ. ಅವರ ಪಕ್ಕದ ಕುರ್ಚಿಯಲ್ಲಿ ನಾನು ಕೂತಿರುವಾಗ ಯಾರಾದರೂ ಗಂಟೆ ಎಷ್ಟೆಂದು ಕೇಳಿ, ಅವರು ಗಡಿಯಾರ ನೋಡಿ, ನನ್ನ ಕಡೆ ತಿರುಗಿ "ಏಳು" ಎಂದರೆ, ನಾನು ಕೂತೇ ಇರುತ್ತೇನೆಂದು ತಮ್ಮ ಬಂಧುಗಳಾದ ಸಂಖ್ಯೆ ಏಳು ಅವರಿಗೆ ಈಗಲೇ ತಿಳಿಸಿಬಿಡಿ.