ಐನೂರು ಹೇಳಿ ಶೇರು ಮಾರಲು ಕೂತಿದ್ದು

ವಿಜಯನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿಯನ್ನು ಕೈಯಾರೆ ಕಟ್ಟಿ ನಿಲ್ಲಿಸಿದವನು ನಾನು. ಕುಕ್ಕರಿಗೆ ಎಷ್ಟು ಹೇಳಬೇಕು, ಎಷ್ಟಕ್ಕೆ ಇಳಿಯಬೇಕು, ಯಾವಾಗ ಮುಖ ಸಿಂಡರಿಸಬೇಕು, ಎಲ್ಲವೂ ನನಗೆ ಉಸಿರಾಡಿದಷ್ಟೇ ಸಲೀಸು. ಅಂಥವನಿಗೆ ಶೇರು ಮಾರುವುದು ಕಷ್ಟವೇ?

ಅತ್ತೆಯ ಮಂಡಿ ಆಪರೇಷನ್ನಿಗೆ ಶುಕ್ರವಾರದೊಳಗೆ ಅಡ್ವಾನ್ಸ್ ಕಟ್ಟಬೇಕಿತ್ತು. ತಪ್ಪಿದರೆ ಡಾಕ್ಟರು ಮತ್ತೆ ಸಿಗುವುದು ಎರಡು ತಿಂಗಳ ಮೇಲೆ. ಹಿಂದೆಂದೋ ಕೊಂಡಿದ್ದ ಶೇರುಗಳನ್ನು ಮಾರಲು ಸೋಮವಾರ ಬೆಳಿಗ್ಗೆ ಮೊಬೈಲ್ ಹಿಡಿದು ಕುಳಿತೆ. ಬೆಲೆ ನಾನೂರ ನಲವತ್ತು ಎಂದಿತ್ತು. ನಾನು ಐನೂರು ಎಂದು ಒತ್ತಿದೆ.

“ರೀ, ಐನೂರಾ?” ಎಂದಳು ಹೆಂಡತಿ ಗಿರಿಜಾ.

“ಹೇಳೋದು ಐನೂರು ಕಣೇ. ಅವರು ನಾನೂರ ನಲವತ್ತಕ್ಕೆ ಕೇಳ್ತಾರೆ. ನಾನೂರ ಎಪ್ಪತ್ತಕ್ಕೆ ಮುಗಿಸ್ತೀನಿ. ನೋಡ್ತಿರು!”

ದಿನವಿಡೀ ಕಾದೆ. ಒಬ್ಬ ಗಿರಾಕಿಯೂ ಚೌಕಾಸಿಗೆ ಬರಲಿಲ್ಲ! ಮಂಗಳವಾರ ಮತ್ತೆ ಐನೂರೇ ಹಾಕಿದೆ. ಬೆಲೆ ಇನ್ನೂ ಇಳಿಯಿತು. ಆಗ ನನ್ನ ಬ್ರಹ್ಮಾಸ್ತ್ರ ತೆಗೆದೆ. ಅಂಗಡಿಯಲ್ಲಿ ಗಿರಾಕಿ ಬಗ್ಗದಿದ್ದರೆ ಪಾತ್ರೆಯನ್ನು ಸುಮ್ಮನೆ ಶೆಲ್ಫಿಗೆ ವಾಪಸ್ಸು ಇಟ್ಟುಬಿಡುತ್ತೇನೆ. “ಅಯ್ಯೋ, ಕೊಡಿ ಸಾರ್” ಎಂದು ಅವರೇ ದಾರಿಗೆ ಬರುತ್ತಾರೆ. ಅದೇ ಗಾಂಭೀರ್ಯದಿಂದ ಆರ್ಡರನ್ನು ರದ್ದುಪಡಿಸಿ, ಮೊಬೈಲನ್ನು ಮಗುಚಿಟ್ಟು, ಫ್ಯಾನ್ ನೋಡುತ್ತ ಕುಳಿತೆ.

ಶೇರುಪೇಟೆ ನನ್ನತ್ತ ತಿರುಗಿಯೂ ನೋಡಲಿಲ್ಲ.

ನೋಡಿದ್ದು ಅತ್ತೆ. ಗೋಡೆ ಹಿಡಿದುಕೊಂಡು ಬಂದು, “ಅಳಿಯಂದ್ರೇ, ನಿಮ್ಮ ಗಿರಾಕಿ ಬರೋವರೆಗೂ ನನ್ನ ಮಂಡಿ ಕಾಯ್ಬೇಕಾ?” ಎಂದರು.

ಗಿರಿಜಾ ಮೊಬೈಲ್ ಕಸಿದುಕೊಂಡಳು. “ಇಲ್ನೋಡಿ. ಈ ಕಡೆ ಕೊಳ್ಳೋರು ಎಷ್ಟು ಕೊಡ್ತೀವಿ ಅಂತ ಹಾಕಿದಾರೆ. ಆ ಕಡೆ ಮಾರೋರು ಎಷ್ಟಕ್ಕೆ ಕೊಡ್ತೀವಿ ಅಂತ. ಎರಡೂ ಒಂದಾದ್ರೆ ವ್ಯಾಪಾರ. ನಾನೂರ ಇಪ್ಪತ್ತಾರಕ್ಕೇ ಕೊಡೋರು ಸಾಲಾಗಿ ನಿಂತಿರುವಾಗ ನಿಮ್ಮ ಐನೂರು ಯಾರಿಗೆ ಬೇಕು? ನೀವು ಮುಖ ಸಿಂಡರಿಸಿದ್ರೂ ಅವರಿಗೆ ಕಾಣಲ್ಲ!”

“ಮುಖ ನೋಡ್ದೆ ವ್ಯಾಪಾರ ಹೆಂಗೆ ಮಾಡ್ತಾರೇ?”

“ನೆಮ್ಮದಿಯಾಗಿ ಮಾಡ್ತಾರೆ!”

ಕೊಳ್ಳುವವರು ಕೊಡುತ್ತಿದ್ದ ನಾನೂರ ಇಪ್ಪತ್ತೈದನ್ನೇ ಹಾಕಿ ಒತ್ತಿದಳು. ರೆಪ್ಪೆ ಬಡಿಯುವಷ್ಟರಲ್ಲಿ ಶೇರೆಲ್ಲ ಖಾಲಿ! ನನ್ನ ಜಾಣತನಕ್ಕೆ ಶೇರೊಂದಕ್ಕೆ ಹದಿನೈದು ರೂಪಾಯಿ ದಂಡ. ಪುಣ್ಯಕ್ಕೆ ಉಳಿದದ್ದು ಆಪರೇಷನ್ನಿಗೆ ಸಾಕಾಯಿತು.

ಈಗ ಅತ್ತೆ ಗೋಡೆ ಹಿಡಿಯದೆ ಪಾರ್ಕಿನವರೆಗೂ ನಡೆದು ಬರುತ್ತಾರೆ. ಅವರು ಗೇಟು ತೆರೆದ ಸದ್ದು ಕೇಳಿದಾಗಲೆಲ್ಲ ಗಿರಿಜಾಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಒಮ್ಮೆ ಎದುರಿಗೇ ಮುಗಿದೆ. “ಏನು ಚೌಕಾಸಿ ಶುರು ಮಾಡಿದ್ರಿ?” ಎಂದಳು.

ಆದುದರಿಂದ ಮಾನ್ಯರೇ, ನಿಮಗೂ ಶೇರು ಮಾರುವುದಿದ್ದರೆ ಸಂಕೋಚ ಬೇಡ. ನೇರವಾಗಿ ಅಂಗಡಿಗೆ ಬಂದು ನನ್ನ ಸಲಹೆ ಕೇಳಿ. ಗಿರಿಜಾಳನ್ನು ಕರೆಯುತ್ತೇನೆ!