ಸೈಲೆನ್ಸರ್ ಪಕ್ಕದ ಪೆಟ್ರೋಲ್ ಪೈಪು

ನನ್ನ ಹೆಂಡತಿ ಜೆಯಲಕ್ಷ್ಮಿಯ ಮೂಗು ಬಹಳ ಚುರುಕು. ಅಡುಗೆಮನೆಯಲ್ಲಿ ಹಾಲು ಸೀಯುವ ಮೊದಲೇ ಹಿತ್ತಲಲ್ಲಿರುವ ಅವಳಿಗೆ ಗೊತ್ತಾಗುತ್ತದೆ. ಆದ್ದರಿಂದ ಹೊಸ ಕಾರು ನಮ್ಮೂರು ಕಂಬಂ ದಾಟುವ ಮೊದಲೇ ಅವಳು, "ಎನ್ನಂಗ, ಏನ್ರೀ, ಪೆಟ್ರೋಲ್ ನಾತ ಬತ್ತದೆ" ಅಂದಾಗ ನಾನು ಕಾರು ನಿಲ್ಲಿಸಬೇಕಿತ್ತು. ಅದರ ಬದಲು, "ಪೆಟ್ರೋಲ್ ಕಾರ್ನಲ್ಲಿ ಮಲ್ಲಿಗೆ ನಾತ ಬತ್ತದಾ?" ಎಂದುಬಿಟ್ಟೆ.

ಹೊಸ ಕಾರು ಎಂದರೆ ನನಗೆ ಹೊಸದು, ಅಷ್ಟೆ. ಬೋಡಿಮೆಟ್ಟಿನ ಏಲಕ್ಕಿ ಎಸ್ಟೇಟಿನ ದೊರೆ ತನ್ನ ದೇಶಕ್ಕೆ ಹಡಗು ಹತ್ತುವ ಮುಂಚೆ ಬಿಟ್ಟುಹೋದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ತಲೆಯ ಮೇಲೆ ಸೂರಿಲ್ಲ, ಬಾಗಿಲು ಮೊಣಕಾಲೆತ್ತರ, ಎಂಜಿನ್ ಸತ್ತು ವರ್ಷವಾಗಿತ್ತು. ದಿಂಡಿಗಲ್ಲಿನ ಮೆಕ್ಯಾನಿಕ್ ಪಳನಿಸಾಮಿ ಬಂದು ಅದಕ್ಕೆ ಜೀಪಿನ ಎಂಜಿನ್ ಕೂರಿಸಿದ. ಆ ದಾಂಡಿಗನಿಗೆ ಜಾಗ ಸಾಲದೆ, ಮುಂದಿದ್ದ ಪೆಟ್ರೋಲ್ ಟ್ಯಾಂಕು ಡಿಕ್ಕಿಗೆ ಹೋಯಿತು. ಇನ್ನುಳಿದದ್ದು ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿಗೆ ಒಂದು ತಾಮ್ರದ ಪೈಪು ಎಳೆಯುವ ಕೆಲಸ.

"ಪೈಪ್ ವೇಲೆ ನಾಲ್ಕ್ ದಿನ ಬಿಟ್ಟು ಬಂದು ಮಾಡ್ತೀನಿ ಸಾರ್. ನೀವು ಮಾತ್ರ ಕೈ ಇಡ್ಬೇಡಿ" ಎಂದು ಹೇಳಿ ಪಳನಿಸಾಮಿ ಊರಿಗೆ ಹೋದ.

ಆದರೆ ಎರಡೇ ದಿನಕ್ಕೆ ದಿಂಡಿಗಲ್ಲಿನಲ್ಲಿ ನನ್ನ ನಾದಿನಿ ಇಂದ್ರಾಣಿಯ ನಿಶ್ಚಿತಾರ್ಥ. ಅತ್ತೆಮನೆಯ ಬೀದಿಗೆ ಸ್ಪೋರ್ಟ್ಸ್ ಕಾರಿನಲ್ಲಿ ಬಂದಿಳಿಯುವ ಅವಕಾಶವನ್ನು ಯಾವ ಅಳಿಯ ಬಿಟ್ಟಾನು? ದೊರೆಯ ಕಾರಿನ ಜೊತೆ ಕಾರು ರಿಪೇರಿಯ ಒಂದು ಇಂಗ್ಲಿಷ್ ಪುಸ್ತಕವೂ ಬಂದಿತ್ತು. ಎಸ್ಸೆಸ್ಸೆಲ್ಸಿಯನ್ನು ಎರಡೆರಡು ಸಲ ಓದಿದ ನನಗೆ ಅದು ಯಾವ ಲೆಕ್ಕ? ಅದರಲ್ಲಿದ್ದ, ಟ್ಯಾಂಕು ಹಿಂದಿರುವ ಕಾರೊಂದರ ಚಿತ್ರದಲ್ಲಿ ಸೈಲೆನ್ಸರ್ ಎಡಗಡೆ, ಪೆಟ್ರೋಲ್ ಪೈಪು ಬಲಗಡೆ. ನಮ್ಮ ಕಾರಿನಲ್ಲೋ ಸೈಲೆನ್ಸರ್ ಬಲಗಡೆಯೇ ಇತ್ತು! ನನಗೆ ತಲೆಬುಡ ತಿಳಿಯಲಿಲ್ಲ. ಪುಸ್ತಕ ಸುಳ್ಳು ಹೇಳದು, ಆದ್ದರಿಂದ ದೊರೆಯೇ ಸೈಲೆನ್ಸರನ್ನು ತಪ್ಪು ಕಡೆ ಹಾಕಿಸಿದ್ದಾನೆ ಎಂದು ತೀರ್ಮಾನಿಸಿದೆ. ಅದನ್ನು ಕದಲಿಸುವುದು ನನ್ನಿಂದಾಗದು. ಪುಸ್ತಕಕ್ಕೆ ಅಪಚಾರವಾಗದಂತೆ ಪೈಪನ್ನಾದರೂ ಬಲಗಡೆಯೇ ಎಳೆದು, ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿದೆ.

ತೇನಿಯವರೆಗೆ ಕಾರು ರಾಜಠೀವಿಯಿಂದ ಓಡಿತು. ತೇನಿ ದಾಟಿದ ಮೇಲೆ ಕೆಮ್ಮಿ ನಿಂತಿತು. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ತಾನಾಗಿಯೇ ಹೊರಟಿತು. ನಾಲ್ಕು ಮೈಲಿಗೆ ಮತ್ತೆ ನಿಂತಿತು. ಬಿಟ್ಟರೆ ಹೊರಡುತ್ತದೆ, ಹೊರಟರೆ ನಿಲ್ಲುತ್ತದೆ. (ಹೀಗೆ ನಡೆದುಕೊಳ್ಳುವ ನೆಂಟರು ನಮ್ಮಲ್ಲಿದ್ದಾರೆ, ಕಾರು ನಾನು ಕಂಡಿರಲಿಲ್ಲ.) ವತ್ತಲಗುಂಡು ಎಂಬ ಊರಿಗೆ ಒಂದು ಫರ್ಲಾಂಗ್ ಇದೆ ಎನ್ನುವಾಗ ಮೂರನೆಯ ಸಲ ನಿಂತಿತು.

ನಾನು ಗಂಭೀರವಾಗಿ ನೆಲಕ್ಕೆ ಮಲಗಿ ಕಾರಿನಡಿ ಇಣುಕಿದೆ. ಅಲ್ಲಿ ಕತ್ತಲು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಲು ಹೊರಟೆ.

ಕೈಯ ಮೇಲೆ ಫಟಾರನೆ ಏಟು ಬಿತ್ತು. ಪೊಟ್ಟಣ ರಸ್ತೆಯಾಚೆ ಹಾರಿತು.

"ಪುತ್ತಿ ಕೆಟ್ಟೋಯ್ತಾ ನಿಮ್ಗೆ? ಪೆಟ್ರೋಲ್ ತೊಟ್ಟಿಕ್ತಾ ಐತೆ!" ಜೆಯಲಕ್ಷ್ಮಿ ಕೂಗಿದಳು. ಆಗ ನನಗೂ ಕಂಡಿತು. ಸೈಲೆನ್ಸರ್ ಕಾವಿಗೆ ಬಾಳೆನಾರು ಸುಟ್ಟು ಪೈಪು ಜೋತುಬಿದ್ದು, ನೇರ ಸೈಲೆನ್ಸರ್‌ಗೇ ಒರಗಿತ್ತು. ಒಳಗಿನ ಪೆಟ್ರೋಲ್ ಕುದ್ದು ಆವಿಯಾಗಿ ಎಂಜಿನ್ನಿಗೆ ಸೇರುತ್ತಿರಲಿಲ್ಲ. ಸಡಿಲಾದ ಜೋಡಣೆಯಿಂದ ಒಂದೊಂದೇ ಹನಿ ಬೀಳುತ್ತಿತ್ತು. ಇನ್ನೊಂದು ಕ್ಷಣವಾಗಿದ್ದರೆ ಇಂದ್ರಾಣಿಯ ನಿಶ್ಚಿತಾರ್ಥಕ್ಕೆ ನಮ್ಮ ಬೂದಿ ಹೋಗುತ್ತಿತ್ತು.

"ಪುಸ್ತಕದಲ್ಲಿ ಬಲಗಡೆ ಅಂತ..." ಎಂದೆ.

ಇಂಗ್ಲಿಷಿನ ಒಂದಕ್ಷರ ಬಾರದ ಅವಳು ಚಿತ್ರವನ್ನು ಒಂದು ಸಲ ನೋಡಿದಳು. "ಇದು ಕಾರಡೀಲಿ ಅಂಗಾತ ಮಲ್ಗಿ ನೋಡಿ ಬರ್ದಿರೋದು. ಎಡ ಬಲ ಮಾರಿ, ಅದಲು ಬದಲಾಗಿ ಐತೆ."

ದಾರಿಹೋಕರ ಸಹಾಯದಿಂದ ಕಾರನ್ನು ತಳ್ಳಿ, ಪಕ್ಕದ ಒಣ ಕಾಲುವೆಯ ಎರಡು ದಂಡೆಗೆ ಎರಡೆರಡು ಚಕ್ರ ಬರುವಂತೆ ನಿಲ್ಲಿಸಿದೆವು. ಸೈಲೆನ್ಸರ್ ಆರುವವರೆಗೆ ಅವಳು ಯಾರನ್ನೂ ಹತ್ತಿರ ಬಿಡಲಿಲ್ಲ. ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು, ನಿಶ್ಚಿತಾರ್ಥದ ಉಡುಗೊರೆಗೆಂದು ಒಯ್ಯುತ್ತಿದ್ದ ಹಿತ್ತಾಳೆ ಕೊಡಕ್ಕೆ ಇಳಿಸಿದಳು. ಆಮೇಲೆ ಸೆರಗು ಬಿಗಿದು ಕಾಲುವೆಗಿಳಿದಳು. ನನಗೆ ಸಿಕ್ಕ ಉದ್ಯೋಗ, ದೂರದ ಹುಣಿಸೆಮರದಡಿ ಕೊಡವನ್ನು ಬೀಡಿ ಸೇದುವವರಿಂದ ಕಾಯುವುದು. ಇಬ್ಬರು ಬಂದು ಕುಡಿಯಲು ನೀರು ಕೇಳಿದರು. ಕೊಡಲ್ಲ ಎಂದಿದ್ದಕ್ಕೆ ಬೈದು ಹೋದರು.

ಸೈಕಲ್ ಅಂಗಡಿಯಿಂದ ಹಳೆ ಟ್ಯೂಬು, ತಗಡು, ತಿರುಪುಮೊಳೆ ತರಿಸಿ ಅವಳು ಪೈಪನ್ನು ಎಡಗಡೆಗೆ ಸಾಗಿಸಿ, ಸಡಿಲಾದ ಜೋಡಣೆಯನ್ನು ಬಿಗಿದಳು. ಗೇಣಿಗೊಂದು ಟ್ಯೂಬಿನ ತುಂಡು ಸುತ್ತಿ, ಮೇಲೆ ತಗಡಿನ ಪಟ್ಟಿಯಿಟ್ಟು ಕಾರಿನ ಮರದ ತಳಕ್ಕೆ ತಿರುಪಿದಳು. ಎಂಜಿನ್ ಹಿಂದಿನ ತಗಡಿನ ತೂತಿನಲ್ಲಿ ಪೈಪು ತೂರುವ ಕಡೆ ಅಂಚು ಕೊಯ್ಯದಂತೆ ರಬ್ಬರ್ ಸುತ್ತಿದಳು. ಮತ್ತೆ ಪೆಟ್ರೋಲ್ ಹುಯ್ದು, ಬೆರಳಿನಿಂದ ಒಂದೊಂದು ಜೋಡಣೆಯನ್ನೂ ಮುಟ್ಟಿ ಮೂಸಿ ನೋಡಿದಳು. ದಿಂಡಿಗಲ್ಲಿನವರೆಗೆ ಕಾರು ಒಂದು ಸಲವೂ ಕೆಮ್ಮಲಿಲ್ಲ.

ನಿಶ್ಚಿತಾರ್ಥ ಮುಗಿದ ಮರುದಿನ ಬೆಳಿಗ್ಗೆ ಪಳನಿಸಾಮಿ ಕಾರಿನ ಸುದ್ದಿ ಕೇಳಿ ಅತ್ತೆಮನೆಗೇ ಬಂದು ಕಾರಿನಡಿ ನುಗ್ಗಿದ. ಹೊರಬಂದಾಗ ಕೈಮುಗಿದ. "ಅಡೇಯಪ್ಪಾ, ಯಾರ್ ಸಾರ್ ಈ ವೇಲೆ ಮಾಡಿದ್ದು?"

ಬೀದಿಯೆಲ್ಲ ನೋಡುತ್ತಿತ್ತು. "ಏನೋ, ನಮ್ಮ ಕೈಲಾದ್ದು" ಎಂದೆ.

"ಎಡಗಡೆ ಯಾಕ್ ಕೊಂಡೋದ್ರಿ ಸಾರ್?"

"ಅದು... ಬಲಗಡೆ... ಕೆಳಗಿಂದ ಎಡಗಡೆ ಆಗೋದ್ರಿಂದ..."

"ಬಲಗಡೆ ಸೈಲೆನ್ಸರ್ ಸುಡ್ತದೆ, ಅದಕ್ಕೆ" ಎಂದಳು ಜೆಯಲಕ್ಷ್ಮಿ. "ಅಪ್ಪಂದು ಎಸ್ಟೇಟ್ ಜೀಪ್‌ಗೆ ನಾನೇ ಮಾಡ್ತಿದ್ದೆ. ಬೋಡಿಮೆಟ್ಟು ತಿರುವ್ನಲ್ಲಿ ಓಡ್ಸಿದೀನಿ ಕೂಡ."

"ಮದುವೆಯಾದ ಏಳು ವರ್ಷದಲ್ಲಿ ಒಂದು ಮಾತು ಹೇಳ್ಲಿಲ್ಲ?"

"ನೀವ್ ಕೇಳಿದ್ರಾ?"

ನನ್ನ ಅತ್ತೆ ಕಮಲಮ್ಮಾಳ್ ಕೂಡಲೇ ಪೆಟ್ಟಿಗೆ ತಂದು ಕಾರಿನಲ್ಲಿಟ್ಟರು. "ಮಾಪ್ಳೇ, ಮಗಳು ಓಡ್ಸೋದಾದ್ರೆ ನಾನೂ ಕಂಬಂಗೆ ಬತ್ತೀನಿ. ನೀವು ಬಸ್ನಲ್ಲಿ ಬನ್ನಿ."

ಸೀಟು ಎರಡೇ. ವಾದಕ್ಕೆ ಜಾಗವಿರಲಿಲ್ಲ.

ಬಸ್ಸಿನಲ್ಲಿ, ಮಡಿಲಲ್ಲಿ ಬಾಳೆಗೊನೆ ಇಟ್ಟುಕೊಂಡು ಕೂತಿದ್ದಾಗ ಹಿಂದಿನಿಂದ ಹಾರನ್ ಕೇಳಿತು. ನನ್ನ ಹೆಂಡತಿ ನೆಟ್ಟಗೆ ಕೂತು ಸ್ಟಿಯರಿಂಗ್ ಹಿಡಿದಿದ್ದಳು, ಅತ್ತೆಯ ಸೆರಗು ಬಾವುಟದಂತೆ ಹಾರುತ್ತಿತ್ತು. ಇಬ್ಬರೂ ನಮ್ಮ ಬಸ್ಸನ್ನು ಹಿಂದೆ ಹಾಕಿ ಧೂಳೆಬ್ಬಿಸಿ ಹೋದರು.

"ಯಾರ್ ಕಾರಪ್ಪಾ ಅದು?" ಪಕ್ಕದ ಮುದುಕ ಕೇಳಿದ.

"ನಂದೇ."

ಆತ ನನ್ನನ್ನು ನೋಡಿದ, ಬಾಳೆಗೊನೆಯನ್ನು ನೋಡಿದ. ಆಮೇಲೆ ಕಂಡಕ್ಟರನ್ನು ಕರೆದು ಮೆಲ್ಲಗೆ ಹೇಳಿದ: "ಪಾವಂ, ಪಾಪದೋರು, ಇವ್ರ ಊರು ಯಾವ್ದು ಕೇಳಿ, ನೀನೇ ಕೈ ಹಿಡ್ದು ಇಳ್ಸಪ್ಪಾ."