ಹೊಸ್ತಿಲ ಮೇಲಿನ ಬೂದುಗುಂಬಳ

ನಮ್ಮ ಸೋದರತ್ತೆಯನ್ನು ಹೇರೋಹಳ್ಳಿಯ ಜನ ದೆವ್ವ ಎಂದುಕೊಂಡದ್ದರಲ್ಲಿ ಅವರ ತಪ್ಪೇನೂ ಇಲ್ಲ. ವಿಜಯನಗರದ ಒಂದೇ ಮನೆಯಲ್ಲಿರುವ ನಾವೇ ಎಷ್ಟೋ ಸಲ ಕಿರುಚಿದ್ದೇವೆ! ಬಿಳಿ ಸೀರೆ, ಬಿಚ್ಚಿದ ಒದ್ದೆ ಕೂದಲು. ನಸುಕಿನಲ್ಲಿ, ದೀಪ ಹಾಕದೆ, ಅಡುಗೆಮನೆಯಲ್ಲಿ ಕೂತು ಬೂದುಗುಂಬಳವನ್ನು ಕಿವಿಗೆ ಹಿಡಿದು ತಟ್ಟುತ್ತಾರೆ.

"ಜೀವ ಇದೆ ಕಣೋ," ಎನ್ನುತ್ತಾರೆ. ಇದನ್ನು ಕೇಳಿದ ಮೇಲೆ ಯಾರಿಗೆ ತಾನೆ ಮಜ್ಜಿಗೆಹುಳಿ ಗಂಟಲಲ್ಲಿ ಇಳಿದೀತು?

ಹೇರೋಹಳ್ಳಿಯ ಶೀಟ್ ಮನೆಗಳಲ್ಲಿ ಗಾರೆ ಕೆಲಸದವರಿದ್ದಾರೆ. ಕೆಲಸ ಮುಗಿಸಿ ಅವರು ಅಂಗಡಿಗೆ ಹೋಗುವ ಹೊತ್ತಿಗೆ ಉಳಿದಿರುವುದು ಬಾಡಿದ ಸೊಪ್ಪು, ಕೊಳೆತ ಟೊಮೆಟೊ. ಒಮ್ಮೆ ಆ ಕಡೆ ಹೋದಾಗ ಅದನ್ನು ಕಂಡ ಅತ್ತೆ, ತಾಜಾ ತರಕಾರಿಯನ್ನು ಗಂಟು ಕಟ್ಟಿ, ಬೆಳಕು ಹರಿಯುವ ಮುಂಚೆ ಅವರ ಹೊಸ್ತಿಲುಗಳ ಮೇಲಿಟ್ಟು ಮಾಯವಾಗತೊಡಗಿದರು.

"ಕೈಗೇ ಕೊಡಬಾರದಾ ಅತ್ತೆ?"

"ಕೈಗೆ ಕೊಟ್ರೆ ಅವರು ಕೈ ಚಾಚಬೇಕಾಗುತ್ತೆ ಕಣೋ."

ಮಾತೇನೋ ಸರಿ. ಆದರೆ ಗಂಟಿನಲ್ಲಿದ್ದದ್ದೇನು? ಬೂದುಗುಂಬಳ, ನಿಂಬೆಹಣ್ಣು, ಹಸಿಮೆಣಸಿನಕಾಯಿ! ಬಟ್ಟೆ ಬೇರೆ ಕೆಂಪು!

ಒಂದು ದಿನ ನಾನೂ ಹೋದೆ. ಮಂಜು ಕವಿದಿತ್ತು. ನಾಯಿಗಳು ಬೊಗಳಲಿಲ್ಲ, ಅತ್ತೆಯನ್ನು ನೋಡಿ ಹಿಂದೆ ಸರಿದವು. ಖಾಲಿ ಸೈಟಿನಲ್ಲಿ ಕೆಂಪು ಗಂಟುಗಳ ರಾಶಿ ಕೊಳೆಯುತ್ತಿತ್ತು. ಬಸುರಿ ಹೆಂಗಸೊಬ್ಬಳು ಇನ್ನೊಂದನ್ನು ಪೊರಕೆಯಿಂದ ಅತ್ತ ತಳ್ಳುತ್ತಿದ್ದಳು.

"ಮುಟ್ಬೇಡಿ ಆಂಟಿ! ಯಾರೋ ಮಾಟ ಮಾಡ್ಸವ್ರೆ. ತಿಂದ್ರೆ ರಕ್ತ ಕಾರ್ಕೊಂಡು ಸಾಯ್ತೀವಿ!"

ಅತ್ತೆಯ ಮುಖ ಸಪ್ಪಗಾಯಿತು. "ಬಸುರಿ, ನೀನೂ ತಿಂದಿಲ್ವೇನಮ್ಮಾ?" ಎಂದವರೇ ಗಂಟು ಬಿಚ್ಚಿ, ಹೆದರಿಕೆ ಬಿಡಿಸಲು ಕೈಗೆ ಸಿಕ್ಕಿದ್ದನ್ನು ಕಚ್ಚಿದರು. ಸಿಕ್ಕಿದ್ದು ಮೆಣಸಿನಕಾಯಿ! ಕಣ್ಣು ಕೆಂಪಾಯಿತು, ನೀರು ಸುರಿಯಿತು, ಬಿಕ್ಕಳಿಕೆಗೆ ಮೈಯೆಲ್ಲ ಅದುರಿತು. "ಮೈಮೇಲೆ ಬಂತು!" ಎಂದು ಯಾರೋ ಕೂಗಿದರು. ಬಾಗಿಲುಗಳೆಲ್ಲ ದಬದಬ ಮುಚ್ಚಿಕೊಂಡವು.

ಬಸುರಿ ಮಾತ್ರ ಓಡಲಿಲ್ಲ. ನೀರು ತಂದುಕೊಟ್ಟಳು. ಅತ್ತೆಯ ಚೀಲದಲ್ಲಿದ್ದ ಕೆಂಪು ಗಂಟುಗಳನ್ನು ನೋಡಿದಳು. ಪೊರಕೆಯನ್ನು ಗೋಡೆಗೆ ಒರಗಿಸಿದಳು.

ಆಮೇಲೆ ಮಂಡಿ ನೋವು ಹಿಡಿದು ಅತ್ತೆ ಮಳೆಗಾಲವೆಲ್ಲ ಮಲಗಿದರು. "ಆ ಹುಡುಗಿ ಏನು ತಿಂತಾಳೋ," ಎಂಬುದೊಂದೇ ಕೊರಗು. ಎದ್ದು ನಡೆಯುವಂತಾದ ಕೂಡಲೇ ನನ್ನನ್ನು ಹೊರಡಿಸಿದರು.

ಅದೇ ಮಂಜು. ಖಾಲಿ ಸೈಟು ಕಾಣಲೇ ಇಲ್ಲ. ಬಿಸಾಡಿದ ಕಾಯಿಗಳೆಲ್ಲ ಮೊಳೆತು, ಬಳ್ಳಿ ಶೀಟುಗಳ ಮೇಲೂ ಹಬ್ಬಿತ್ತು. ಎಲೆಗಳ ನಡುವೆ ಬೂದಿ ಬಳಿದ ತಲೆಗಳ ಹಾಗೆ ಕುಂಬಳಕಾಯಿಗಳು!

ಅತ್ತೆ ಆ ಹುಡುಗಿಯ ಹೊಸ್ತಿಲ ಮೇಲೆ ಗಂಟಿಟ್ಟರು. ಬಾಗಿಲು ಸದ್ದಿಲ್ಲದೆ ಸ್ವಲ್ಪವೇ ತೆರೆಯಿತು. ಬಳೆ ತೊಟ್ಟ ಕೈಯೊಂದು ಹೊರಬಂದು, ಕೆಂಪು ಬಟ್ಟೆಯಲ್ಲಿ ಕಟ್ಟಿದ ಎಳೆ ಬೂದುಗುಂಬಳವನ್ನು ನಮ್ಮ ಗಂಟಿನ ಪಕ್ಕದಲ್ಲಿಟ್ಟು, ನಮ್ಮದನ್ನು ಒಳಗೆಳೆದುಕೊಂಡಿತು. ಬಾಗಿಲು ಮುಚ್ಚಿತು. ಅತ್ತೆಯ ಕೈಗೆ ಕೊಡಲಿಲ್ಲ.

ಒಳಗೆ ಎಳೆಗೂಸು ಅತ್ತಿತು. ಅತ್ತೆ ಬಾಗಿಲಿಗೆ ಕಿವಿಯಿಟ್ಟರು.

"ಜೀವ ಇದೆ ಕಣೋ," ಎಂದರು. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಆ ದಿನ ಅವರು ಮೆಣಸಿನಕಾಯಿ ತಿಂದಿರಲಿಲ್ಲ.